ವಿದ್ಯಾವತಿ ಸಿಸ್ಟರ್ ಮತ್ತೆ ಪ್ರಾರ್ಥಿಸಿದ ದಿನ

ಕಲಬುರಗಿ ಸೀಮೆಯ ಶುಶ್ರೂಷಾ ಕ್ಷೇತ್ರದಲ್ಲಿ ಹೆಸರು ಗಳಿಸಿದವರು ಅನೇಕರಿದ್ದಾರೆ. ಆದರೆ ಹೆಸರು ಕೇಳಿದೊಡನೆ ಬಸುರಿ ಹೆಣ್ಣುಮಗಳ ಎದೆಬಡಿತ ಹದಕ್ಕೆ ಬರುವಂಥವರು ಶ್ರೀಮತಿ ವಿದ್ಯಾವತಿ ಜಯಶೀಲಪ್ಪನವರೊಬ್ಬರೇ ಎಂದರೆ ಉಳಿದ ಸಿಸ್ಟರುಗಳು ಮುನಿಯಬಾರದು. ಕುಸನೂರಿನ ಮನೆಯಿಂದ ಬಸ್ಸು ಹಿಡಿದು ಕಮಲಾಪುರದ ಆಸ್ಪತ್ರೆಗೆ ಬಂದು ಹೋಗುತ್ತಲೇ ಅವರ ಸೇವಾವಧಿಯ ಬಹುಭಾಗ ಸವೆಯಿತು. ಹಾಗೆಂದು ಅವರು ಗಟ್ಟಿಗುಂಡಿಗೆಯವರೇನಲ್ಲ. ಪ್ರತಿ ಹೆರಿಗೆಗೂ ಅವರ ಅಂಗೈ ಬೆವರುತ್ತಿತ್ತು.

ಆ ಅಂಜಿಕೆಗೆ ಅವರು ಕಂಡುಕೊಂಡ ದಾರಿ ಪ್ರಾರ್ಥನೆ. ಹೆರಿಗೆ ಕೋಣೆಯ ಹೊಸ್ತಿಲಲ್ಲಿ ನಿಂತು, ಕಣ್ಣುಮುಚ್ಚಿ, ಎರಡು ಮಾತು ಹೇಳಿಯೇ ಒಳಗೆ ಕಾಲಿಡುವರು. ಬರಬರುತ್ತ ಅದು ಊರಿನ ಪದ್ಧತಿಯೇ ಆಯಿತು. ಶರಣರ ಭಕ್ತರಾಗಲಿ, ದರ್ಗಾಕ್ಕೆ ನಡೆದುಕೊಳ್ಳುವವರಾಗಲಿ, ಸಿಸ್ಟರು ಹೊಸ್ತಿಲಲ್ಲಿ ನಿಂತರೆಂದರೆ ಅತ್ತೆಯಂದಿರು ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದರು.

ಅಂಥವರ ಬಾಯಿ ಕಟ್ಟಿಹೋದದ್ದು ಮಹಾಮಾರಿಯ ವರ್ಷ. ಪತಿ ಜಯಶೀಲಪ್ಪನವರು ಕೊರೊನಾದಿಂದ ತೀರಿಕೊಂಡಾಗ ಮೈತೊಳೆಯಲು ಬಿಡಲಿಲ್ಲ, ಮುಖ ತೋರಿಸಲಿಲ್ಲ, ಗುಂಡಿಗೆ ಹಿಡಿಮಣ್ಣು ಹಾಕಲೂ ಕರೆಯಲಿಲ್ಲ. ಎಷ್ಟೋ ಜನರ ಕೂಸುಗಳಿಗೆ ಮೊದಲ ಸ್ನಾನ ಮಾಡಿಸಿದ ಕೈ, ತನ್ನವರಿಗೆ ಒಂದು ತಂಬಿಗೆ ನೀರು ಹಾಕಲಾಗಲಿಲ್ಲ! ಆಮೇಲೆ ಅವರು ಭಾನುವಾರದ ಆರಾಧನೆಗೆ ಹೋಗುವುದನ್ನು ಬಿಟ್ಟರು. ಚರ್ಚಿನ ಸಭಾಪಾಲಕರು ಮನೆಗೆ ಬಂದರೆ ಚಹಾ ಕೊಟ್ಟು ಕಳಿಸುತ್ತಿದ್ದರು, ಅಷ್ಟೇ. ಹೊಸ್ತಿಲಲ್ಲಿ ನಿಲ್ಲುವುದೂ ನಿಂತಿತು. ಕಮಲಾಪುರದ ಹೆಂಗಸರಿಗೆ ಇದು ಅಪಶಕುನವಾಗಿ ಕಂಡಿತು. ಸಿಸ್ಟರಿಗೋ, ಅಂಜಿಕೆಗಿದ್ದ ಒಂದೇ ದಾರಿಯೂ ಮುಚ್ಚಿತು.

ಮರುವರ್ಷ ನೂರಜಹಾನ್ ಎಂಬ ಚೊಚ್ಚಲ ಬಸುರಿ ಬಂದಳು. ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಇಳಿಯುತ್ತಿತ್ತು. ಕಲಬುರಗಿಗೆ ಸಾಗಿಸಲು ಹೊತ್ತು ಉಳಿದಿರಲಿಲ್ಲ. ಅವಳ ಅತ್ತೆ ಲತೀಫಾ ಬಾಗಿಲಿಗೆ ಅಡ್ಡ ನಿಂತರು.

"ಮ್ಯಾಲಿನವನ್ನ ಕೇಳದ ಒಳಗ ಹೋಗಬ್ಯಾಡ್ರಿ ಸಿಸ್ಟರ್. ಸೊಸಿ ಭಾಳ ಅಂಜ್ಯಾಳ."

"ಕೇಳಾಕ ಬಾಯೇ ಬರವಲ್ದು ಲತೀಫಮ್ಮ. ಸುಳ್ಳ ಹ್ಯಾಂಗ ಕೇಳ್ಲಿ?"

ಮುದುಕಿ ಅವರ ಮುಖವನ್ನು ಒಂದು ಗಳಿಗೆ ನೋಡಿ ದಾರಿ ಬಿಟ್ಟರು. "ಹಂಗಾದ್ರ ಇವತ್ತ ನಾ ಕೇಳ್ತೀನಿ. ನೀವು ಕೈಕೆಲಸ ನೋಡ್ರಿ."

ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಬಿಗಿದಿತ್ತು. ಎಷ್ಟು ಉಜ್ಜಿದರೂ, ಉಸಿರು ತುಂಬಿದರೂ ಅದು ಅಳಲಿಲ್ಲ. ತಾಯಿಗೆ ರಕ್ತ ಹರಿಯತೊಡಗಿತು; ವೈದ್ಯರ ಜೊತೆಗೂಡಿ ಹೆಣಗಿ ಅದನ್ನು ನಿಲ್ಲಿಸುವಷ್ಟರಲ್ಲಿ ಸಿಸ್ಟರಿಗೆ ಹೋದ ಜೀವ ಬಂದಂತಾಯಿತು. ನೂರಜಹಾನ್ ಉಳಿದಳು, ಕೂಸು ಉಳಿಯಲಿಲ್ಲ. ಹೊರಗೆ ಬಂದು ಹೇಳುವಾಗ ಲತೀಫಾ ಬೈಯುತ್ತಾರೆಂದೇ ಅವರು ತಲೆ ತಗ್ಗಿಸಿದ್ದರು. ಮುದುಕಿ ಬೈಯಲಿಲ್ಲ. ಕೂಸಿನ ಮೈ ತಾನೇ ತೊಳೆಯುವೆನೆಂದು ಕೂತವರಿಗೆ ತಂಬಿಗೆ ಹಿಡಿಯಲಾಗಲಿಲ್ಲ. "ನನ್ನ ಕೈ ನಡಗಾಕತ್ತಾವ, ನೀವು ನೀರು ಹಾಕ್ರಿ," ಎಂದರು.

ವಿದ್ಯಾವತಿಯವರು ನೀರು ಹಾಕಿದರು. ಹಾಕುತ್ತ ಹಾಕುತ್ತ, ಗಂಡ ಸತ್ತಾಗಲೂ ಬಾರದ ಅಳು ಕಟ್ಟೆಯೊಡೆದು ಬಂತು. ಅಳುವಿನ ಬೆನ್ನಿಗೇ ಮಾತು ಬಂತು. "ಕರ್ತನೇ, ನಿನ್ನ ಮ್ಯಾಲ ಸಿಟ್ಟದ. ಆದ್ರೂ ಈ ಕೂಸಿನ್ನ ಎತ್ತಿಕೋ. ನಮ್ಮನಿಯವರ್ನೂ ನೀನೇ ಎತ್ತಿಕೊಂಡಿ ಅಂತ ನಂಬತೀನಿ." ಕೇಳಿದ್ದು ಸಿಕ್ಕದ ದಿನವೇ ನಂಬಿಕೆ ಮರಳಿದ್ದು ಹೇಗೆಂದು ಸಹೋದ್ಯೋಗಿಗಳು ಎಷ್ಟೋ ಸಲ ಕೇಳಿದ್ದುಂಟು. ಅಲ್ಲಿ ಕರ್ತನೂ ಅಳುತ್ತ ಕೂತಿದ್ದ ಎನ್ನುವುದಕ್ಕಿಂತ ಹೆಚ್ಚು ಅವರು ಹೇಳಿಲ್ಲ.

ಈ ತಿಂಗಳ ಕೊನೆಗೆ ಅವರು ನಿವೃತ್ತರು. ನೂರಜಹಾನ್ ಈಗ ಮತ್ತೆ ತುಂಬು ಬಸುರಿ. ಮೊನ್ನೆ ಬಂದವಳು ಸಿಸ್ಟರ ಕೈ ಬಿಡದೆ, ಈ ಸಲವಾದರೂ ಕೂಸು ಉಳಿಯುತ್ತದೆಯೇ ಎಂದು ಕೇಳಿದಳು. ಸುಳ್ಳು ಧೈರ್ಯ ಹೇಳಲು ಅವರಿಗೆ ಎಂದೂ ಬಂದಿಲ್ಲ.

"ಗೊತ್ತಿಲ್ಲವ್ವ. ನಂಗೂ ಅಂಜಿಕಿ ಅದ. ರಿಟೈರ್ ಆದ್ರೂ ನಾ ಬರ್ತೀನಿ, ಮ್ಯಾಲಿನವನೂ ಬರ್ತಾನ."

ಸನ್ಮಾನಿತರಿಗೆ ದೀರ್ಘಾಯುಷ್ಯ ಕೋರಿ ಲೇಖನ ಮುಗಿಸುವುದು ವಾಡಿಕೆ. ಆದರೆ ವಿದ್ಯಾವತಿ ಸಿಸ್ಟರನ್ನು ಬಲ್ಲ ನಾವು ಆ ವರವನ್ನು ಮೊದಲು ಇನ್ನೂ ಹುಟ್ಟದ ಆ ಕೂಸಿಗೆ ಬೇಡುತ್ತೇವೆ, ಆಮೇಲೆ ಅವರಿಗೆ.