ಜನವಸತಿ ಇಲ್ಲ ಎಂದು ನಾನು ಬರೆದ ಊರು

2022ರ ಬೇಸಿಗೆ. ಸರ್ಕಾರಿ ಭೂಮಾಪಕನಾಗಿ ನನಗೆ ಮೂವತ್ತೊಂದು ವರ್ಷ ಸೇವೆಯಾಗಿತ್ತು, ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ. ಇನ್ನು ಹೊಸ ತಲೆನೋವು ಹಚ್ಚಿಕೊಳ್ಳಬಾರದು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಆಗಲೇ ಮೇಲಿನಿಂದ ಪತ್ರ ಬಂತು: ಬಾಹ್ಯಾಕಾಶಕ್ಕೆ ಸರಕು ಸಾಗಿಸುವ ರಾಕೆಟ್ ಹಾರಿಸಲು ಖಾಸಗಿ ಕಂಪನಿಯೊಂದು ಜಾಗ ಹುಡುಕುತ್ತಿದೆ, ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಒಂದೊಂದು ಜಾಗ ಗುರುತಿಸಿದೆ, ಸ್ಥಳ ನೋಡಿ ವರದಿ ಕೊಡಿ. ನಾನು ತೀರ್ಥಹಳ್ಳಿಯವನು. ಬೇಲಿ ಜಗಳ ಬಗೆಹರಿಸುವುದರಲ್ಲೇ ಕೂದಲು ಬೆಳ್ಳಗಾದವನು. ರಾಕೆಟ್ ಎಂದರೆ ನನಗೆ ಗೊತ್ತಿದ್ದುದು ದೀಪಾವಳಿಯದ್ದು ಮಾತ್ರ.

ಕಂಪನಿಯ ಪರವಾಗಿ ಒಬ್ಬ ಕನ್ಸಲ್ಟೆಂಟ್ ಬಂದಿದ್ದರು. ಐವತ್ತರ ಆಸುಪಾಸಿನ, ಮಾತಿಗೆ ಮುಂಚೆ ನಗುವ ಮನುಷ್ಯ. ರಾಕೆಟ್ ಒಮ್ಮೊಮ್ಮೆ ನೆಲ ಬಿಡುವಾಗಲೇ ಸಿಡಿಯುತ್ತದೆ, ಹಾಗಾಗಿ ಸುತ್ತ ಒಂದು ಸೇಫ್ಟಿ ಝೋನ್ ಬೇಕು, ಆ ವೃತ್ತದೊಳಗೆ ಮನೆ ಇರಕೂಡದು ಎಂದು ವಿವರಿಸಿದರು. "ನಮಗೆ ಬೇಕಿರೋದು ಏನೂ ಇಲ್ಲದ ಜಾಗ ಸರ್. ಯಾರೂ ಇರಬಾರದು, ಅಷ್ಟೇ" ಎಂದರು. ಅಂಗಡಿಯಲ್ಲಿ ಸಾಮಾನು ಕೇಳುವ ಹಾಗೆ ಕೇಳಿದರು.

ತೀರ್ಥಹಳ್ಳಿಯ ಗುಡ್ಡದ ಬುಡದಲ್ಲೇ ಶಾಲೆ ಇತ್ತು. ಹೊಸನಗರದ ಜಾಗದ ನೆತ್ತಿಯ ಮೇಲೆ ಹೈಟೆನ್ಷನ್ ವಿದ್ಯುತ್ ತಂತಿ ಹಾದುಹೋಗಿತ್ತು. ಆ ಎರಡೂ ಜಾಗಗಳು ಮೊದಲ ದಿನವೇ ಪಟ್ಟಿಯಿಂದ ಬಿದ್ದುಹೋದವು. ಉಳಿದದ್ದು ಮೂರನೆಯದು, ಸಾಗರ ತಾಲ್ಲೂಕಿನ ಬ್ಯಾಕೋಡಿನಿಂದಲೂ ಆಚೆ, ಅಣೆಕಟ್ಟಿನ ಹಿನ್ನೀರಿನೊಳಕ್ಕೆ ಚಾಚಿಕೊಂಡ ಒಂದು ದಿಬ್ಬ. ಹೆಸರು ಆಚೆಮಕ್ಕಿ. ಮೂರು ಕಡೆ ನೀರು, ಒಂದು ಕಡೆ ಕಾಡು. ಗ್ರಾಮ ನಕ್ಷೆಯಲ್ಲಿ ಅದು ಸರ್ಕಾರಿ ಬೀಳು, ಅಂದರೆ ಯಾರ ಹೆಸರಿಗೂ ಇಲ್ಲದ ಖಾಲಿ ನೆಲ. ನಕ್ಷೆಯಲ್ಲಿ ಒಂದೇ ಒಂದು ಮನೆಯ ಗುರುತಿಲ್ಲ. ಕನ್ಸಲ್ಟೆಂಟರ ಮುಖ ಅರಳಿತು.

ನಕ್ಷೆ ಹೇಳದ್ದನ್ನು ಇಲ್ಲಿ ಹೇಳಬೇಕು. ಅಣೆಕಟ್ಟು ಕಟ್ಟಿ ಊರುಗಳು ಮುಳುಗಿದಾಗ ಹೆಚ್ಚಿನವರನ್ನು ಲಾರಿಯಲ್ಲಿ ಬೇರೆ ಕಡೆ ಸಾಗಿಸಿದ್ದರು. ಕೆಲವು ಕುಟುಂಬಗಳು ಲಾರಿ ಹತ್ತದೆ ತಮ್ಮದೇ ಊರಿನ ಎತ್ತರಕ್ಕೆ ಹತ್ತಿ ಕೂತವು. ಅವರಿಗೆ ಹಕ್ಕುಪತ್ರ ಸಿಗಲಿಲ್ಲ. ಅಂದಿನಿಂದ ಅಳತೆಗೆಂದು ಯಾರು ಬಂದರೂ ಅವರ ಲೆಕ್ಕದಲ್ಲಿ ಒಕ್ಕಲೆಬ್ಬಿಸುವವರೇ. ಅದಕ್ಕೇ ಅಲ್ಲೊಂದು ಪದ್ಧತಿ ಬೆಳೆದಿತ್ತು. ಗುರುತಿಲ್ಲದ ಜೀಪು ಲಾಂಚಿನಲ್ಲಿ, ಅಂದರೆ ವಾಹನಗಳನ್ನು ದಾಟಿಸುವ ದೊಡ್ಡ ದೋಣಿಯಲ್ಲಿ, ಬರುತ್ತಿದೆ ಎಂದು ಸುದ್ದಿ ಮುಟ್ಟಿದ ಕೂಡಲೇ ಒಲೆ ಆರಿಸುವುದು, ಒಣಗಿಸಿದ ಬಟ್ಟೆ ಎಳೆದುಕೊಳ್ಳುವುದು, ಬಾಗಿಲಿಗೆ ಬೀಗ ಜಡಿದು ಕಾಡಿಗೆ ನುಗ್ಗುವುದು. ದನದ ನೆಪದಲ್ಲಿ ಒಬ್ಬಿಬ್ಬರು ಉಳಿಯುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಕಡೆ ಕೆಲಸ ಮಾಡಿದ ಎಲ್ಲ ಸರ್ವೆಯವರಿಗೂ ಗೊತ್ತು.

ನಾವು ಮುಟ್ಟಿದಾಗ ಮಧ್ಯಾಹ್ನ ಹನ್ನೆರಡೂವರೆ. ಕನ್ಸಲ್ಟೆಂಟ್ ನೀರಿನ ಅಂಚಿಗೆ ಹೋಗಿ ಡ್ರೋನ್ ಹಾರಿಸಲು ನಿಂತರು. ನಾನು ದಿಬ್ಬದ ಮೇಲೆ ನಡೆದೆ. ಮನೆಗಳನ್ನು ಎಣಿಸಿದೆ, ಹದಿನೇಳು. ಎಲ್ಲಕ್ಕೂ ಬೀಗ. ಬಟ್ಟೆಯಿಲ್ಲದ ಹಗ್ಗದ ಮೇಲೆ ಕ್ಲಿಪ್ಪುಗಳು ಸಾಲಾಗಿ ಕೂತಿದ್ದವು. ಅಂಗಳದ ಬಚ್ಚಲ ಕಲ್ಲು ಇನ್ನೂ ಒದ್ದೆ. ಹಲಸಿನ ಮರದಡಿ ಮೂರು ದನ, ಒಬ್ಬ ಹೆಂಗಸು. ಹೆಸರು ಕೇಳಿದೆ. ಹೂವಮ್ಮ ಎಂದರು. ಐವತ್ತು ದಾಟಿದ ಗಟ್ಟಿಮುಟ್ಟಾದ ಜೀವ.

"ಎಲ್ಲಿಯವರಮ್ಮಾ?"

"ಬ್ಯಾಕೋಡಿನೋರು ಸಾರ್. ದನ ಮೇಯ್ಸಕ್ಕೆ ಬಂದಿದ್ದೆ."

"ಈ ಮನೆಗಳು?"

"ಹಳೇವು. ಯಾರೂ ಇಲ್ಲ. ಸುಮ್ನೆ ಇದಾವೆ."

ಆ ಮಾತು ಮುಗಿಯುವುದಕ್ಕೂ ಅವರ ಬೆನ್ನ ಹಿಂದಿನ, ಬೀಗ ಹಾಕಿದ ಮನೆಯೊಳಗಿಂದ ಕುಕ್ಕರ್ ಕೂಗುವುದಕ್ಕೂ ಸರಿಹೋಯಿತು. ಗಡಿಬಿಡಿಯಲ್ಲಿ ಒಲೆ ಪೂರ್ತಿ ಆರಿರಲಿಲ್ಲ. ಹೂವಮ್ಮ ಹಿಂತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ. ಇಬ್ಬರೂ ದನಗಳ ಕಡೆ ಮುಖ ಮಾಡಿ ನಿಂತೆವು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಕೂಗಿತು.

ಸ್ಥಳದಲ್ಲಿ ಕಂಡದ್ದನ್ನು ಬರೆದು, ಅಲ್ಲಿರುವವರ ಸಹಿ ಪಡೆಯುವ ಪತ್ರಕ್ಕೆ ಮಹಜರು ಎನ್ನುತ್ತೇವೆ. ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟು ಬರೆದೆ: "ಸದರಿ ಜಾಗದಲ್ಲಿ ಕೆಲವು ಹಳೆಯ ಕಟ್ಟಡಗಳಿದ್ದು, ಜನವಸತಿ ಇರುವುದಿಲ್ಲ." ಮನೆ ಇವೆ ಎಂದು ಬರೆದರೆ ಒತ್ತುವರಿ ಎಂದು ನೋಟಿಸು ಬರುತ್ತದೆ, ಬರೆಯದಿದ್ದರೆ ಇವರಿಗೇ ಒಳ್ಳೆಯದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರಾಕೆಟ್ ಬಂದರೆ ಕಾಗದದಲ್ಲಿ ಇಲ್ಲದ ಮನೆಗಳಿಗೆ ಪರಿಹಾರ ಯಾರೂ ಕೊಡುವುದಿಲ್ಲ ಎಂಬುದು ಹೊಳೆಯದಿರಲಿಲ್ಲ. ಅದನ್ನು ಮನಸ್ಸಿನಿಂದ ಆಚೆ ತಳ್ಳಿದೆ. ಮನೆ ಇವೆ ಎಂದರೆ ಹದಿನೇಳಕ್ಕೂ ಅಳತೆ, ಹದಿನೇಳು ಹೇಳಿಕೆ, ಇನ್ನೂ ನಾಲ್ಕು ದಿನದ ಓಡಾಟ. ನನಗೆ ಸಂಜೆಯ ಲಾಂಚ್ ಹಿಡಿಯಬೇಕಿತ್ತು.

ಸಹಿಗೆಂದು ಹಾಳೆ ಮುಂದಿಟ್ಟಾಗ ಹೂವಮ್ಮ ಪೆನ್ನು ಹಿಡಿದು ಕೇಳಿದರು. "ಇದ್ರಿಂದ ಎಂತಾದ್ರೂ ತೊಂದ್ರೆ ಆಗ್ತದಾ ಸಾರ್?"

"ಏನೂ ಆಗಲ್ಲಮ್ಮ" ಎಂದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು.

ರಾಕೆಟ್ ಬರಲಿಲ್ಲ. ನಾಲ್ಕು ತಿಂಗಳಿಗೆ ಕಂಪನಿ ಕೈಬಿಟ್ಟಿತು. ಭೂಮಿ ತಿರುಗುವ ವೇಗದ ಲಾಭ ಸಿಗಬೇಕಾದರೆ ಸಾಮಾನ್ಯವಾಗಿ ರಾಕೆಟ್ಟನ್ನು ಪೂರ್ವಕ್ಕೆ ಹಾರಿಸುತ್ತಾರಂತೆ. ಕಳಚಿದ ಭಾಗಗಳು ಬೀಳಲು ಆ ಕಡೆ ಸಮುದ್ರ ಇರಬೇಕಂತೆ. ನಮ್ಮ ಪೂರ್ವಕ್ಕೆ ಇರುವುದು ಊರ ಮೇಲೆ ಊರು. ಹೈಸ್ಕೂಲಿನ ಗೋಳವೊಂದನ್ನು ಮೇಜಿನ ಮೇಲಿಟ್ಟಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿದ್ದ ಈ ಸಂಗತಿಗೆ ಅವರು ಮೂರು ತಾಲ್ಲೂಕು ಸುತ್ತಿದ್ದರು. ಕಡತಕ್ಕೆ ಮುಕ್ತಾಯ ಎಂದು ಬರೆದು ಕಟ್ಟಿಟ್ಟರು. ನಾನು ಹಾರ ಹಾಕಿಸಿಕೊಂಡು ನಿವೃತ್ತನಾದೆ.

ಎರಡು ವರ್ಷದ ನಂತರ ಒಂದು ಬೆಳಿಗ್ಗೆ ಹೂವಮ್ಮ ನನ್ನ ಮನೆ ಬಾಗಿಲಲ್ಲಿ ನಿಂತಿದ್ದರು. ಸಾಗರಕ್ಕೆ ಬಂದು, ಹೊಸನಗರದಲ್ಲಿ ಬಸ್ ಬದಲಿಸಿ, ನನ್ನ ಮನೆ ಕೇಳಿಕೊಂಡು ಬಂದಿದ್ದರು. ಆಚೆಮಕ್ಕಿಯವರು ಕೊನೆಗೂ ಧೈರ್ಯ ಮಾಡಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದರು. ಅಲ್ಲೇ ವಾಸವಿದ್ದಾರೆ ಎಂಬುದಕ್ಕೆ ದಾಖಲೆ ಬೇಕು. ಹೆದರಿಕೆಯಿಂದ ರೇಷನ್ ಕಾರ್ಡು, ಓಟಿನ ಚೀಟಿ ಎಲ್ಲವನ್ನೂ ಬ್ಯಾಕೋಡಿನ ನೆಂಟರ ವಿಳಾಸಕ್ಕೆ ಮಾಡಿಸಿಕೊಂಡಿದ್ದರು. ಆಚೆಮಕ್ಕಿಯ ಸರ್ವೆ ನಂಬರಿಗೆ ಸಂಬಂಧಿಸಿ ಸಿಕ್ಕ ಏಕೈಕ ಸರ್ಕಾರಿ ಕಾಗದ ನನ್ನ ಮಹಜರು. ಅರ್ಜಿ ತಿರಸ್ಕೃತವಾಗಿತ್ತು.

"ನೀವ್ ಒಂದ್ ಮಾತು ಬಂದ್ ಹೇಳಿ ಸಾರ್" ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅರ್ಜಿಯ ಮರುಪರಿಶೀಲನೆಯ ದಿನ ಹೂವಮ್ಮನ ಜೊತೆ ಸಾಗರದ ಕಚೇರಿಗೆ ಹೋದೆ. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ನನ್ನ ಮಹಜರನ್ನು ನನ್ನ ಕಡೆಗೇ ತಿರುಗಿಸಿ ಹಿಡಿದರು.

"ಸರ್ವೀಸಲ್ಲಿದ್ದಾಗ ಬರೆದಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

"ಆಗ ಬರೆದದ್ದು."

"ಹಾಗಂತ ಬರ್ಕೊಡ್ತೀರಾ? ನಿಮ್ಮ ಮೇಲೇ ವಿಚಾರಣೆ ಆಗತ್ತೆ."

ಬರೆದುಕೊಟ್ಟೆ. ಅವರು ಓದಿ ಕಡತಕ್ಕೆ ಸೇರಿಸಿದರು. "ನಿಮ್ಮ ಮಾತು ಬಿಡಿ. ಇಲ್ಲಿ ವಾಸ ಇಲ್ಲ ಅಂತ ಇವರೇ ಸಹಿ ಹಾಕಿದಾರಲ್ಲ" ಎಂದು ಹೂವಮ್ಮನ ಅಕ್ಷರಗಳ ಮೇಲೆ ಬೆರಳಿಟ್ಟರು. ಹಿಂದಿನ ಆದೇಶ ಹಾಗೇ ಉಳಿಯಿತು. ನನ್ನ ಮೇಲೆ ವಿಚಾರಣೆಯನ್ನೂ ಯಾರೂ ಮಾಡಲಿಲ್ಲ. ಅಷ್ಟರಮಟ್ಟಿಗಾದರೂ ನನ್ನ ಮಾತಿಗೆ ಬೆಲೆ ಕೊಡುವುದು ಯಾರಿಗೂ ಬೇಕಿರಲಿಲ್ಲ.

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದೆವು. ಅವರ ಬಸ್ಸು ಬಂದು ನಿಂತಿತ್ತು. ಹತ್ತುವ ಮುಂಚೆ ಹೂವಮ್ಮ ತಿರುಗಿದರು.

"ಅವತ್ತು ಕುಕ್ಕರ್ ಕೂಗಿದ್ದು ನಿಮಗೂ ಕೇಳಿತ್ತಲ್ದಾ ಸಾರ್?"

"ಕೇಳಿತ್ತಮ್ಮ."

"ನಾನ್ ಹೆದ್ರಿ ಸುಳ್ಳು ಹೇಳ್ದೆ. ನಿಮಗೆ ಎಂತ ಹೆದ್ರಿಕೆ ಇತ್ತು?"

ಅಷ್ಟು ಕೇಳಿ ಅವರು ಬಸ್ಸು ಹತ್ತಿದರು. ಮೂವತ್ತೆರಡು ವರ್ಷದ ನೌಕರಿ ಕಲಿಸದ್ದನ್ನು ಆ ಪ್ರಶ್ನೆ ಕಲಿಸಿತು. ಜನ ಹೆದರಿಕೊಂಡು ಹೇಳಿದ್ದನ್ನು ಹಾಗೇ ಬರೆದುಕೊಳ್ಳಲು ಭೂಮಾಪಕ ಬೇಕಾಗಿಲ್ಲ. ಹೆದರಬೇಕಾಗಿಲ್ಲದ ಒಬ್ಬನಾದರೂ ಹೋಗಿ ಕಂಡದ್ದನ್ನು ಬರೆಯಲಿ ಎಂದೇ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಆಚೆಮಕ್ಕಿಯಲ್ಲಿ ಈಗಲೂ ಹದಿನೇಳು ಮನೆಗಳಿವೆ. ಕಾಗದದ ಪ್ರಕಾರ ಅಲ್ಲಿ ಯಾರೂ ಇಲ್ಲ, ಆ ಕಾಗದದ ಕೆಳಗೆ ನನ್ನ ಸಹಿ ಇದೆ.