ಕುಬೇರಪ್ಪನವರ ಸಪ್ಪನ ಶ್ರಾವಣ

ಯರಗುಪ್ಪಿಯ ಕುಬೇರಪ್ಪನವರು ಏಳು ವರ್ಷದಿಂದ ಎಲ್ಲರ ಹಾಗೆಯೇ ಇದ್ದರು. ಅದು ಅವರಿಗೆ ಸಾಲದಾಗಿತ್ತು.

ಅದಕ್ಕೂ ಮೊದಲು ಒಮ್ಮೆ, ಮಂತ್ರಿಗಳು ನಡೆದು ಬರಲೆಂದು ಕುಂದಗೋಳದ ದಾರಿಯುದ್ದಕ್ಕೂ ಹಾಸಲು ನವಲಗುಂದದಲ್ಲಿ ನಾಲ್ಕುನೂರು ಜಮಖಾನೆ ನೇಯಲು ಹೇಳಿ ಬಂದಿದ್ದರು. ಯಾವ ಮಂತ್ರಿಯೂ ಬರುವವನಿರಲಿಲ್ಲ. ಮುಂದೆ ನಾಲ್ಕು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದರು. ಹೆಂಡತಿ ರೇವವ್ವ ಬಾವಿಯ ಹಗ್ಗ ಬಚ್ಚಿಟ್ಟು ದಿನ ದೂಡಿದಳು. ಕೊನೆಗೆ ಧಾರವಾಡದ ಡಾಕ್ಟರೊಬ್ಬರು ಲಿಥಿಯಂ ಗುಳಿಗೆ ಕೊಟ್ಟು ಆ ಏರನ್ನೂ ಈ ಇಳಿತವನ್ನೂ ಹಿಡಿದು ನಿಲ್ಲಿಸಿದರು. ಜೀವನಪೂರ್ತಿ ನುಂಗಬೇಕು, ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಬೇಕು, ಊಟದಲ್ಲಿ ಏನು ಬದಲಿಸಿದರೂ ಮೊದಲು ಕೇಳಬೇಕು ಎಂದಿದ್ದರು.

ಗುಳಿಗೆ ತಪ್ಪಲಿಲ್ಲ; ಅದು ರೇವವ್ವನ ಕೈಯಲ್ಲಿತ್ತು. ರಕ್ತ ತೋರಿಸುವುದು ಮಾತ್ರ ನಿಂತಿತು. ಮಠದ ಶ್ರಾವಣ ಕಮಿಟಿಗೆ ಅಧ್ಯಕ್ಷರಾದ ಮೇಲೆ, ಅಧ್ಯಕ್ಷರ ರಕ್ತವನ್ನು ಕಂಡಕಂಡವರು ಪರೀಕ್ಷಿಸುವುದು ಕುಬೇರಪ್ಪನವರಿಗೆ ಸರಿಬರಲಿಲ್ಲ.

ಎಂಬತ್ತಾರನೇ ಇಸವಿಯ ಶ್ರಾವಣ ಬಂತು. ಉಳಿದವರು ಸೋಮವಾರ ಒಂದು ಹೊತ್ತು ಉಪವಾಸವಿದ್ದರು. ಅಧ್ಯಕ್ಷರು ಅಷ್ಟಕ್ಕೇ ನಿಂತರೆ ಹೇಗೆ? ತಿಂಗಳಿಡೀ ಉಪ್ಪು ಮುಟ್ಟುವುದಿಲ್ಲ, ಸಪ್ಪನ ಊಟವೇ ಎಂದು ಮೈಕು ಹಿಡಿದು ಸಾರಿದರು. ಡಾಕ್ಟರನ್ನು ಕೇಳೋಣವೆಂದ ರೇವವ್ವನಿಗೆ, ಶಿವನ ಮತ್ತು ಭಕ್ತನ ನಡುವೆ ಡಾಕ್ಟರಿಗೇನು ಕೆಲಸ ಎಂದು ಗದರಿದರು.

ಹತ್ತನೆಯ ದಿನಕ್ಕೆ ಹೊಟ್ಟೆ ಕೆಟ್ಟಿತು, ಕೈ ನಡುಗತೊಡಗಿತು. ವಿಭೂತಿ ಹಚ್ಚಿಕೊಳ್ಳಹೋದರೆ ಬೆರಳು ಕಣ್ಣಿಗೆ ಬಡಿಯಿತು. ಕಮಿಟಿಯ ಈರಬಸಪ್ಪ ಅದನ್ನು ಕಂಡು ಕೈಮುಗಿದ.

"ಅಧ್ಯಕ್ಷರ ಮೈಯಾಗ ಶಿವಾ ಹೊಕ್ಕಾನ್ರಿ."

ಕುಬೇರಪ್ಪನವರು ಅಲ್ಲಗಳೆಯಲಿಲ್ಲ. ಮರುದಿನದಿಂದ ಮಂದಿ ಪಾದ ಮುಟ್ಟಲು ಬಂದರು.

ರೇವವ್ವನಿಗೆ ಶಿವ ಕಾಣಲಿಲ್ಲ. ಜಮಖಾನೆಯ ವರ್ಷ ಕಂಡಿತು. ಹಳೇ ಬೇನೆಯೇ ತಿರುಗಿ ಬಂತೆಂದು ತಿಳಿದು, ಯಾರಿಗೂ ಹೇಳದೆ, ದಿನಕ್ಕೆ ಎರಡಿದ್ದ ಗುಳಿಗೆಯನ್ನು ಮೂರು ಮಾಡಿದಳು, ಆಮೇಲೆ ನಾಲ್ಕು. ಗುಳಿಗೆ ಹೆಚ್ಚಿದಂತೆ ನಡುಕ ಹೆಚ್ಚಿತು. ನಡುಕ ಹೆಚ್ಚಿದಂತೆ ಮಂದಿ ಹೆಚ್ಚಿದರು.

ಇಪ್ಪತ್ತನೆಯ ದಿನ ಅಧ್ಯಕ್ಷರ ನಾಲಗೆ ತೊಡರಿತು. ಏಳಹೋಗಿ, ಪಾದ ಮುಟ್ಟಿಸಿಕೊಳ್ಳಲು ಕೂತಿದ್ದ ಮಠದ ಕಟ್ಟೆಯಿಂದ ಕೆಳಗೆ ಬಿದ್ದರು. ಇದು ಸಮಾಧಿ ಸ್ಥಿತಿ, ಯಾರೂ ಮುಟ್ಟಬೇಡಿ ಎಂದು ಈರಬಸಪ್ಪ ಅಪ್ಪಣೆ ಕೊಟ್ಟ. ರೇವವ್ವ ಅವನನ್ನು ಬಾಜು ಸರಿಸಿ, ಮಹಬೂಬಸಾಬನ ಜೀಪಿನಲ್ಲಿ ಗಂಡನನ್ನು ಮಲಗಿಸಿಕೊಂಡು ಧಾರವಾಡ ಸೇರಿದಳು.

ಊಟದಲ್ಲಿ ಏನಾದರೂ ಬದಲಾಯಿತೇ ಎಂದು ಡಾಕ್ಟರು ಕೇಳಿದರು.

"ಉಪ್ಪ ಬಿಟ್ಟಾರ್ರಿ. ಇಪ್ಪತ್ತ ದಿನಾ ಆತು."

"ಗುಳಿಗಿ?"

"ನಾಕ ಕೊಟ್ಟೇನ್ರಿ. ಬ್ಯಾನಿ ಹೆಚ್ಚಾತಂತ."

ಡಾಕ್ಟರು ಪೆನ್ನು ಕೆಳಗಿಟ್ಟರು. ಉಪ್ಪು ತಪ್ಪಿದರೆ ಈ ಮದ್ದು ಮೈಯಿಂದ ಸರಿಯಾಗಿ ಹೊರಬೀಳುವುದಿಲ್ಲ, ಒಳಗೇ ಕೂಡುತ್ತ ಹೋಗಿ ವಿಷವಾಗುತ್ತದೆ ಎಂದು ಮೆಲ್ಲಗೆ ತಿಳಿಸಿದರು. ಮೂತ್ರಪಿಂಡ ಉಳಿದರೆ ಮನುಷ್ಯ ಉಳಿದಾನು. ಗುಳಿಗೆ ನಿಲ್ಲಿಸಿದ ಮೇಲೆ ಹಳೇ ಬೇನೆ ಏನು ಮಾಡುತ್ತದೋ, ಅದು ಆಮೇಲಿನ ಮಾತು.

ತೋಳಿಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದರು. ಉಪ್ಪುನೀರು ಎಂದು ನರ್ಸು ಹೇಳಿದಳು. ಕುಬೇರಪ್ಪನವರು ಅರೆಗಣ್ಣು ತೆರೆದರು.

"ಏನದು?"

"ಬರೇ ನೀರ್ರಿ," ಎಂದಳು ರೇವವ್ವ.

ಅವರು ಹೌದೆಂದು ತಲೆಯಾಡಿಸಿದರೋ, ತಲೆ ತಾನಾಗಿ ನಡುಗಿತೋ, ಅವಳಿಗೆ ತಿಳಿಯಲಿಲ್ಲ.