ದಾಕ್ಷಾಯಿಣಿಯ ಉಪ್ಪುನೀರು

ಗೋಕುಲ ರಸ್ತೆಯ ಒಳಓಣಿಯೊಂದರಲ್ಲಿ ದಾಕ್ಷಾಯಿಣಿ ರವಿಕೆ ಹೊಲಿಯುತ್ತಾಳೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗಂಡ ಗುರುಬಸವ ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುತ್ತಾನೆ. ಒಳಗೆ ಅತ್ತೆ ಕಾಳವ್ವ, ಲಿಂಗಪೂಜೆಯಾಗದೆ ಹನಿ ನೀರೂ ಮುಟ್ಟದವಳು. ಇಂಥ ಮನೆಗೆ ಸಮುದ್ರದ ಮೀನು ಬಂದದ್ದು ಒಂದು ಹಲ್ಲುನೋವಿನಿಂದ.

ವಿದ್ಯಾನಗರದ ದಂತವೈದ್ಯರಲ್ಲಿ ದವಡೆ ಹಿಡಿದುಕೊಂಡು ಸರದಿ ಕಾಯುತ್ತಿದ್ದಾಗ, ಎದುರಿನ ಗಾಜಿನ ಟ್ಯಾಂಕಿನಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆ ಸುತ್ತಿಕೊಂಡ ಎರಡು ಪುಟ್ಟ ಮೀನು ಕಂಡವು. ತನ್ನ ಹೆಸರು ಕೂಗಿದ್ದೂ ಅವಳಿಗೆ ಕೇಳಿಸಲಿಲ್ಲ. ಹಲ್ಲು ಕೀಳಿಸಿಕೊಂಡ ಮರುವಾರವೇ ಸಾಕುಮೀನಿನಂಗಡಿಯ ನವಾಜನೆದುರು ನಿಂತಳು.

“ಮೊದಲ ಸಲ ಅಂದ್ರ ಸಿಹಿನೀರಿನ ಮೀನ ಒಯ್ರಿ ಅಕ್ಕಾರ,” ಎಂದ ನವಾಜ. “ಉಪ್ಪುನೀರಿಂದು ಭಾಳ ನಾಜೂಕ ಕೆಲಸ.”

“ನಾ ಜರಿ ರವಿಕಿ ಹೊಲಿಯಾಕಿ. ನಾಜೂಕ ಕೆಲಸ ನನಗೇನ ಹೊಸಾದಲ್ಲ.”

ಮೂರು ಕೊಡ ನೀರು ಹಿಡಿಯುವ ಸಣ್ಣ ಟ್ಯಾಂಕು ಬಂತು. ಫಿಲ್ಟರ್ ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಉಪ್ಪಿನಂಶ ಅಳೆದು, ತೂತುತೂತಾದ ಕಲ್ಲುಗಳನ್ನಿಟ್ಟಳು. ಮೀನಿನ ಹೊಲಸನ್ನು ಅರಗಿಸುವ, ಕಣ್ಣಿಗೆ ಕಾಣದ ಜೀವಿಗಳು ಮೊದಲು ಕಲ್ಲಿನಲ್ಲಿ ಬೆಳೆಯಬೇಕು, ಅಲ್ಲಿಯವರೆಗೆ ಮೀನು ಬಿಡಬಾರದು ಎಂದು ನವಾಜ ತಾಕೀತು ಮಾಡಿದ್ದ. ತಿಂಗಳಿಗೂ ಮಿಕ್ಕಿ ಅವಳು ಬರೀ ಕಲ್ಲು ನೋಡುತ್ತ ಹೊಲಿದಳು. “ಕಲ್ಲಿಗೆ ಲೈಟ್ ಹಚ್ಚಿ ಏನ ನೋಡಾಕತ್ತೀರಿ?” ಎಂದು ಗಿರಾಕಿಗಳು ನಕ್ಕರು.

ಕಾಳವ್ವ ನಗಲಿಲ್ಲ. “ನಮ್ಮ ಮನ್ಯಾಗ ಮೀನಾ?”

“ತಿನ್ನಾಕಲ್ರಿ ಅತ್ತಿ, ನೋಡಾಕ.”

“ನೋಡಿದ್ರೂ ಮೀನ ಮೀನನ.”

ಎರಡು ಮೀನು, ಕೆಂಪು ಬೆನ್ನಿನ ಒಂದು ಸೀಗಡಿ ಬಂದ ದಿನದಿಂದ ಕಾಳವ್ವ ಮುಂದಿನ ಕೋಣೆಗೆ ಕಾಲಿಡುವುದನ್ನೇ ಬಿಟ್ಟಳು. ಹೊರಗೆ ಹೋಗುವುದಾದರೂ ಹಿತ್ತಲ ಬಾಗಿಲಿನಿಂದಲೇ.

ಒಂದು ಶನಿವಾರ ಮಧ್ಯಾಹ್ನ, ಹೊಲಿಗೆ ಮಷಿನ್ ತುಳಿಯುತ್ತಿದ್ದ ದಾಕ್ಷಾಯಿಣಿಯ ಪಾದಕ್ಕೆ ತಂಪು ತಗುಲಿತು. ನೆಲದ ಮೇಲೆ ನೀರು. ಬೆರಳದ್ದಿ ನಾಲಿಗೆಗೆ ಹಚ್ಚಿದಳು. ಉಪ್ಪು. ಟ್ಯಾಂಕಿನ ಕೆಳಮೂಲೆಯಲ್ಲಿ ಗಾಜು ಗಾಜು ಕೂಡುವಲ್ಲಿ ಹನಿ ಮೂಡಿ ಜಾರುತ್ತಿತ್ತು. ಟ್ಯಾಂಕು ಇಟ್ಟಿದ್ದ ಹಳೇ ಮೇಜಿನ ಒಂದು ಕಾಲು ಗಿಡ್ಡವಾಗಿತ್ತು. ಅವಳೇ ಬಟ್ಟೆಚೂರು ಮಡಚಿ ಒತ್ತುಕೊಟ್ಟಿದ್ದಳು. ಅದು ಕುಸಿದು ಮೂರು ಕೊಡ ನೀರಿನ ಭಾರವೆಲ್ಲ ಒಂದೇ ಮೂಲೆಗೆ ಬಿದ್ದಿತ್ತು.

ಫೋನು ಮಾಡಿದರೆ ನವಾಜ ಧಾರವಾಡದಲ್ಲಿದ್ದ. “ಟೇಪ್ ಗೀಪ್ ಹಚ್ಚಬ್ಯಾಡ್ರಿ, ನಿಲ್ಲೂದಿಲ್ಲ. ಆ ನೀರ ಹಂಗ ಪ್ಲಾಸ್ಟಿಕ್‌ದಾಗ ತುಂಬ್ರಿ, ಮೀನ ಅದರಾಗ ಬಿಡ್ರಿ. ತಾಮ್ರ ಮಾತ್ರ ಮುಟ್ಟಿಸಬ್ಯಾಡ್ರಿ, ಸೀಗಡಿ ಸಾಯ್ತೈತಿ. ನಾ ಹೊಂಟೆ!”

ಅಷ್ಟರಲ್ಲಿ ಹನಿ ದಾರವಾಗಿತ್ತು. ದಾಕ್ಷಾಯಿಣಿ ಒಳಗೆ ಓಡಿದಳು. ಡ್ರಮ್ಮು, ಪ್ಲಾಸ್ಟಿಕ್ ಕೊಡ, ಬಕೆಟ್ಟು, ಎಲ್ಲವೂ ಕಂಠಮಟ ತುಂಬಿದ್ದವು. ನಿನ್ನೆಯಷ್ಟೇ ನಲ್ಲಿ ನೀರು ಬಂದಿತ್ತು. ಇನ್ನು ಬರುವುದು ಮುಂದಿನ ವಾರವೇ. ಕುಡಿಯುವ ನೀರನ್ನು ಮೋರಿಗೆ ಚೆಲ್ಲುವುದೆಂದರೆ ಈ ಮನೆಯಲ್ಲಿ ಯಾರೂ ಮಾಡದ ಕೆಲಸ. ಡ್ರಮ್ಮಿನ ಅಂಚು ಹಿಡಿದು ನಿಂತಳು, ಕೈ ಏಳಲಿಲ್ಲ.

ಮತ್ತೆ ಮುಂದಿನ ಕೋಣೆಗೆ ಬಂದರೆ, ಗದ್ದಲ ಕೇಳಿ ಬಂದಿದ್ದ ಕಾಳವ್ವ ಪೂಜೆಯ ತಾಮ್ರದ ಕೊಡವನ್ನು ಸೋರುವ ಮೂಲೆಗೆ ಹಿಡಿದು ಕೂತಿದ್ದಳು.

“ಬ್ಯಾಡ! ತೆಗೀರಿ ಅದನ್ನ!”

ಮದುವೆಯಾಗಿ ಬಂದಂದಿನಿಂದ ಅತ್ತೆಯ ಮೇಲೆ ಅವಳು ದನಿ ಏರಿಸಿದ್ದು ಅದೇ ಮೊದಲು. ಕಾಳವ್ವ ದಂಗಾಗಿ ನೋಡಿದಳು.

“ತಾಮ್ರ ಅದಕ್ಕ ವಿಷರಿ ಅತ್ತಿ. ಪ್ಲಾಸ್ಟಿಕ್ಕ ಬೇಕು. ಎಲ್ಲಾ ತುಂಬ್ಯಾವು...” ದಾಕ್ಷಾಯಿಣಿಗೆ ಅಳು ಒತ್ತಿ ಬಂತು.

ಕಾಳವ್ವ ಎದ್ದು ಒಳಗೆ ಹೋದಳು. ಧಬಧಬ ನೀರು ಸುರಿದ ಸದ್ದು. ಬೈಗುಳವೂ ಜೊತೆಗೇ ಬಂತು: “ಮುಂದಿನ ವಾರದ ತನಕ ನೀರ ಯಾರ ತರ್ತಾರ? ನೀನ ತರಬೇಕ ನೋಡ! ಮಂದಿ ಮನಿ ಬೋರಿಗೆ ಹೋಗಿ ನಿಂದರ!” ಖಾಲಿ ಡ್ರಮ್ಮನ್ನು ಉರುಳಿಸಿಕೊಂಡೇ ಬಂದಳು.

ದಾಕ್ಷಾಯಿಣಿ ಟ್ಯಾಂಕಿಗೆ ಇಳಿಬಿಟ್ಟ ಪೈಪಿನ ತುದಿಯನ್ನು ಬಾಯಿಗಿಟ್ಟು ಎಳೆದಳು. ಬಾಯಿತುಂಬ ಉಪ್ಪು, ನೀರು ಡ್ರಮ್ಮಿಗಿಳಿಯತೊಡಗಿತು. ಒಂದು ಮೀನು ಮಗ್ಗಿನಲ್ಲಿ ಸುಲಭಕ್ಕೆ ಸಿಕ್ಕಿತು. ಇನ್ನೊಂದು ಕಲ್ಲಿನ ಹಿಂದೆ ಸೇರಿಕೊಂಡಿತು. ಸೀಗಡಿ ಕಲ್ಲಿನ ತೂತಿನೊಳಗೇ ಇತ್ತು. ಎರಡೂ ಕೈಯಿಂದ ಆ ಕಲ್ಲನ್ನು ಎತ್ತುತ್ತಿದ್ದಂತೆ ಟಪ್ ಎಂಬ ಸದ್ದಾಗಿ ಮೂಲೆ ಬಾಯ್ಬಿಟ್ಟಿತು. ಉಳಿದ ನೀರೆಲ್ಲ ಭರ್ರನೆ ನೆಲಕ್ಕೆ ನುಗ್ಗಿತು. ಅದರ ಜೊತೆ ಮೀನು ಕೂಡ. ಕತ್ತರಿಸಿದ ಬಟ್ಟೆಚೂರುಗಳ ನಡುವೆ ಅದು ಪಟಪಟ ಬಡಿದುಕೊಂಡಿತು.

ಕಲ್ಲು ಬಿಟ್ಟರೆ ಸೀಗಡಿ ಜಜ್ಜಿಹೋಗುತ್ತದೆ. “ಅತ್ತೀ, ಮೀನ!”

ಕಾಳವ್ವ ಒಂದು ಗಳಿಗೆ ಕೈ ಹಿಂದಕ್ಕೆಳೆದಳು. ಮರುಗಳಿಗೆ ಬಗ್ಗಿ, ಬರಿಗೈಯಲ್ಲೇ ಅದನ್ನು ಬಾಚಿ ಡ್ರಮ್ಮಿಗೆ ಹಾಕಿದಳು. ತನ್ನ ಅಂಗೈಯನ್ನೇ ನೋಡುತ್ತ ನಿಂತಳು. ಆಮೇಲೆ ಸ್ನಾನಕ್ಕೆ ಹೋದಳು, ಬಳಕೆಗೆ ಉಳಿದಿದ್ದ ಒಂದೇ ಬಕೆಟ್ ನೀರು ಹಿಡಿದು.

ನವಾಜ ಬಂದು ಗುಳ್ಳೆ ಬಿಡುವ ಪಂಪು ಹಚ್ಚಿದ. ಸೀಗಡಿ ಕಲ್ಲಿನಿಂದ ಮೀಸೆ ಹೊರಹಾಕಿತು. ನೆಲಕ್ಕೆ ಬಿದ್ದ ಮೀನಿನ ರೆಕ್ಕೆ ಹರಿದಿತ್ತು. ಅದೇ ಸಾಯುತ್ತದೆಂದು ಎಲ್ಲರೂ ಅಂದುಕೊಂಡರು. ಬೆಳಿಗ್ಗೆ ನೋಡಿದರೆ ಸತ್ತದ್ದು ಇನ್ನೊಂದು, ಮಗ್ಗಿನಲ್ಲಿ ನೆಟ್ಟಗೆ ಸಿಕ್ಕಿದ್ದು. ಕಾರಣ ನವಾಜನಿಗೂ ಹೊಳೆಯಲಿಲ್ಲ. ದಾಕ್ಷಾಯಿಣಿ ಅದನ್ನು ಹಿತ್ತಲಲ್ಲಿ ಹೂತು, ಕೊಡ ಹೊತ್ತು ಪಕ್ಕದ ಓಣಿಯ ಬೋರಿಗೆ ನಡೆದಳು. ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು.

ಹೊಸ ಟ್ಯಾಂಕಿಗೆ ಗುರುಬಸವ ಇಟ್ಟಿಗೆಯ ಕಟ್ಟೆ ಕಟ್ಟಿ, ಮೇಲೆ ಕಡಪಾ ಕಲ್ಲು ಹಾಸಿ, ಮಟ್ಟ ನೋಡಿ ಕೊಟ್ಟ. ಹರಿದ ರೆಕ್ಕೆಯ ಮೀನು ಅದರೊಳಗೆ ಮೂಲೆ ಹಿಡಿದು ನಿಂತಿತು. ಹಾಕಿದ ಮೇವಿನ ಕಾಳೆಲ್ಲ ತಳ ಸೇರುತ್ತಿದ್ದವು. ದಾಕ್ಷಾಯಿಣಿಗೆ ಹೊಲಿಗೆಯ ಮೇಲೆ ಮನಸ್ಸಿರಲಿಲ್ಲ. ಒಂದು ಮುಂಜಾನೆ ಅದು ಮೆಲ್ಲಗೆ ಮುಂದೆ ಬಂದು, ತೇಲುತ್ತಿದ್ದ ಒಂದು ಕಾಳನ್ನು ಗುಳುಂ ಎಂದು ನುಂಗಿತು.

ಬಾಗಿಲ ಹತ್ತಿರ ಬಳೆ ಸದ್ದಾಯಿತು. ಕಾಳವ್ವ ಹೊಸ್ತಿಲಾಚೆ ನಿಂತಿದ್ದಳು. “ತಿಂತೇನ?”

“ತಿಂತ್ರಿ, ಅತ್ತಿ.”

“ಇನ್ನೊಂದ ಹಾಕ.”